ಹಿಂಕ್ಲಿ ಪಾಯಿಂಟ್ ಸಿ: ಫ್ರಾನ್ಸ್ ದುಡ್ಡು, ಚೀನಾ ದುಡ್ಡು, ಇಂಗ್ಲೆಂಡ್ ಮನೆಗಳ ಕರೆಂಟ್ ಬಿಲ್

ಇಂಗ್ಲೆಂಡ್‌ನಲ್ಲಿರೋ ನಮ್ಮೋರ ಹತ್ರ ಕರೆಂಟ್ ಬಿಲ್ ವಿಷಯ ಎತ್ತಿ ನೋಡಿ, ಸ್ವಲ್ಪ ಹೊತ್ತಲ್ಲೇ ಹಿಂಕ್ಲಿ ಹೆಸರು ಬರುತ್ತೆ. ಫ್ರೆಂಚರಿಗೂ ಚೀನಾದವರಿಗೂ ಅಣು ವಿದ್ಯುತ್ ಸ್ಥಾವರ ಬರೆದುಕೊಟ್ರು, ಅದಕ್ಕೇ ಬಿಲ್ ಈ ಪಾಟಿ ಏರಿರೋದು ಅಂತಾರೆ. ಸಿಟ್ಟು ನ್ಯಾಯವಾದದ್ದೇ, ಆದ್ರೆ ಲೆಕ್ಕ ಹಾಗಿಲ್ಲ. ಹಿಂಕ್ಲಿ ಪಾಯಿಂಟ್ ಸಿ ಇನ್ನೂ ಒಂದು ಯೂನಿಟ್ ಕರೆಂಟ್ ಕೂಡ ಮಾರಿಲ್ಲ, ಅದರ ಹೆಸರಲ್ಲಿ ಯಾವ ಮನೆಯಿಂದಲೂ ಇನ್ನೂ ಟಾಪ್‌ಅಪ್ ದುಡ್ಡು, ಅಂದ್ರೆ ಮಾರ್ಕೆಟ್ ದರಕ್ಕೂ ಒಪ್ಪಂದದ ದರಕ್ಕೂ ಇರೋ ಅಂತರ ತುಂಬೋ ದುಡ್ಡು, ವಸೂಲಾಗಿಲ್ಲ. ಹಾಗಾದ್ರೆ ಬಿಲ್ ಏರಿದ್ದು ಯಾತಕ್ಕೆ, ಹಿಂಕ್ಲಿಯಿಂದ ಮನೆಯವರ ತಲೆ ಮೇಲೆ ಬೀಳೋದು ಏನು, ಬೀಳದೇ ಇರೋದು ಏನು, ಇದನ್ನ ಒಂದೊಂದಾಗಿ ಬಿಡಿಸಿ ನೋಡಬೇಕು. ನಮಗೂ ಇದು ದೂರದ ವಿಷಯ ಅಲ್ಲ, ಇದೇ ಡಿಸೈನಿನ ಆರು ರಿಯಾಕ್ಟರ್ ಮಹಾರಾಷ್ಟ್ರದ ಜೈತಾಪುರಕ್ಕೆ ತರೋ ಮಾತುಕತೆ ವರ್ಷಗಳಿಂದ ನಡೀತಿದೆ.

ಮೊದಲು ಜಾಗದ ಪರಿಚಯ. ಸೋಮರ್ಸೆಟ್ ಕೌಂಟಿಯಲ್ಲಿ ಬ್ರಿಡ್ಜ್‌ವಾಟರ್ ಅನ್ನೋ ಊರಿನ ಹತ್ರ, ಬ್ರಿಸ್ಟಲ್ ಚಾನೆಲ್ ದಡದಲ್ಲಿದೆ ಹಿಂಕ್ಲಿ. ಅಲ್ಲಿ ಎ ಸ್ಥಾವರ 1965ರಿಂದ 2000ದವರೆಗೆ ಓಡ್ತು, ಬಿ ಸ್ಥಾವರ 1976ರಲ್ಲಿ ಶುರುವಾಗಿ 2022ರ ಆಗಸ್ಟ್‌ನಲ್ಲಿ ನಿಂತ್ತು. ಎರಡೂ ದೇಶದ್ದೇ ಡಿಸೈನು. ಪಕ್ಕದಲ್ಲಿ ಈಗ ಏಳ್ತಿರೋ ಸಿ ಮಾತ್ರ ಫ್ರೆಂಚ್ ಇಪಿಆರ್ ಡಿಸೈನಿಂದು, ಎರಡು ರಿಯಾಕ್ಟರ್, ಒಟ್ಟು ಸುಮಾರು 3,200 ಮೆಗಾವ್ಯಾಟ್, ಪೂರ್ತಿ ಓಡಿದ್ರೆ ಬ್ರಿಟನ್ನಿನ ಕರೆಂಟ್‌ನಲ್ಲಿ ಹತ್ತಿರ ಹತ್ತಿರ 7% ಇದೊಂದೇ ಕೊಡುತ್ತೆ.

ಕಥೆ ಶುರುವಾಗೋದು 2008ರಲ್ಲಿ. ಜನವರಿಯಲ್ಲಿ ಆಗಿನ ಲೇಬರ್ ಸರ್ಕಾರ ಹೊಸ ಅಣು ಸ್ಥಾವರಗಳಿಗೆ ಹಸಿರು ನಿಶಾನೆ ತೋರಿಸ್ತು, ಅದೇ ವರ್ಷ ಫ್ರಾನ್ಸ್ ಸರ್ಕಾರದ ಕೈಲಿರೋ ಇಡಿಎಫ್ ಕಂಪನಿ, ಬ್ರಿಟನ್ನಿನ ಹೆಚ್ಚಿನ ಅಣು ಸ್ಥಾವರಗಳನ್ನ ನಡೆಸ್ತಿದ್ದ ಬ್ರಿಟಿಷ್ ಎನರ್ಜಿ ಕಂಪನಿಯನ್ನ 1,250 ಕೋಟಿ ಪೌಂಡ್‌ಗೆ ಕೊಳ್ಳೋದು ಅಂತ ಒಪ್ಪಂದ ಆಯ್ತು. ಅಲ್ಲಿಗೆ ಓಡ್ತಿದ್ದ ರಿಯಾಕ್ಟರ್‌ಗಳ ಜೊತೆಗೆ ಹೊಸದು ಕಟ್ಟೋಕೆ ಬೇಕಾದ ಒಳ್ಳೊಳ್ಳೆ ಜಾಗಗಳೂ ಒಂದೇ ವಿದೇಶಿ ಕಂಪನಿ ಕೈಗೆ ಹೋದ್ವು. ಮುಂದೆ ದರದ ಚೌಕಾಸಿ ನಡೆದಾಗ ಸರ್ಕಾರದ ಎದುರು ಕೂತಿದ್ದು ಯಾಕೆ ಒಬ್ಬನೇ ಮಾರಾಟಗಾರ ಅನ್ನೋದಕ್ಕೆ ಬೇರು ಇಲ್ಲಿದೆ. ಇಡಿಎಫ್‌ನ ಬ್ರಿಟನ್ ಮುಖ್ಯಸ್ಥರಾಗಿದ್ದ ವಿನ್ಸೆಂಟ್ ಡಿ ರಿವಾಜ್ 2007ರಲ್ಲಿ ಹೇಳಿದ್ದು, 2017ರ ಕ್ರಿಸ್‌ಮಸ್‌ಗೆ ಜನ ಹೊಸ ಅಣು ಕರೆಂಟ್‌ನಲ್ಲೇ ಟರ್ಕಿ ಕೋಳಿ ಬೇಯಿಸ್ತಾರೆ ಅಂತ. 2017ರಲ್ಲಿ ಮೊದಲ ರಿಯಾಕ್ಟರ್ ಕಟ್ಟಡದ ಮುಖ್ಯ ಅಡಿಪಾಯ ಕೂಡ ಮುಗಿದಿರಲಿಲ್ಲ, ಅದು ಮುಗಿದಿದ್ದು 2019ರ ಜೂನ್‌ನಲ್ಲಿ.

2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಅಣು ವಿದ್ಯುತ್ತಿಗೆ ಸಾರ್ವಜನಿಕ ಸಬ್ಸಿಡಿ ಇಲ್ಲ ಅಂತ ಘೋಷಿಸ್ತು. ಖಜಾನೆಯಿಂದ ದುಡ್ಡು ಹಾಕಲ್ಲ, ಸರ್ಕಾರದ ಹೆಸರಲ್ಲಿ ಸಾಲನೂ ತರಲ್ಲ, ಆದ್ರೆ ಸ್ಥಾವರ ಮಾತ್ರ ಬೇಕು. ಹೀಗಂದ್ಮೇಲೆ ಉಳಿಯೋ ದಾರಿ ಒಂದೇ, ಹೊರಗಿನವರು ದುಡ್ಡು ಹಾಕಿ ಕಟ್ಟಲಿ, ಆಮೇಲೆ ಕರೆಂಟ್ ಬಿಲ್‌ನಿಂದ ವಾಪಸ್ ತಗೊಳ್ಳಲಿ. 2013ರ ಫೆಬ್ರವರಿಯಲ್ಲಿ ಇಡಿಎಫ್ ಜೊತೆಗಿದ್ದ ಬ್ರಿಟಿಷ್ ಕಂಪನಿ ಸೆಂಟ್ರಿಕಾ ಈ ಯೋಜನೆಯಿಂದ ಕೈ ತೊಳ್ಕೊಂಡು ಹೊರಗೆ ಬಂತು, ಸ್ವದೇಶಿ ಪಾಲುದಾರನೂ ಹೋದ. ಅದಾಗಿ ಎಂಟು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ದರ ಫಿಕ್ಸ್ ಆಯ್ತು.

ಆ ದರದ ಒಪ್ಪಂದ ಏನು ಹೇಳುತ್ತೆ

ಮೆಗಾವ್ಯಾಟ್ ಅವರ್‌ಗೆ 92.50 ಪೌಂಡ್, ಅಂದ್ರೆ ನಾವು ಹೇಳೋ ಒಂದು ಯೂನಿಟ್‌ಗೆ 9.25 ಪೆನ್ಸ್, ಆಗಿನ ವಿನಿಮಯ ದರದಲ್ಲಿ 9 ರೂಪಾಯಿ ಚಿಲ್ಲರೆ. ಇದು 2012ರ ಬೆಲೆಯಲ್ಲಿ. ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕ ಹಾಗೆ ಏರ್ತಾ ಹೋಗುತ್ತೆ, 35 ವರ್ಷ. ಈಗಿನ ದುಡ್ಡಲ್ಲಿ ಅದು 125 ಪೌಂಡ್ ದಾಟಿದೆ. ಸಹಿ ಹಾಕೋ ಹೊತ್ತಿಗೆ ಹೋಲ್‌ಸೇಲ್ ಮಾರ್ಕೆಟ್‌ನಲ್ಲಿ ಕರೆಂಟ್ ಇದರ ಅರ್ಧ ಬೆಲೆಗೆ ಸಿಗ್ತಿತ್ತು, ಅದಕ್ಕೇ ಅಷ್ಟು ಗಲಾಟೆ ಆಗಿದ್ದು.

ದುಡ್ಡು ಓಡಾಡೋ ರೀತಿ ಹೀಗೆ. ಸ್ಥಾವರ ಕರೆಂಟನ್ನ ಮಾರ್ಕೆಟ್‌ಗೇ ಮಾರುತ್ತೆ. ಮಾರ್ಕೆಟ್ ದರ 60 ಪೌಂಡ್ ಇದ್ರೆ, 92.50ಕ್ಕೆ ಕಮ್ಮಿ ಬಿದ್ದ 32.50ನ್ನ ಲೋ ಕಾರ್ಬನ್ ಕಾಂಟ್ರಾಕ್ಟ್ಸ್ ಕಂಪನಿ ಅನ್ನೋ ಸರ್ಕಾರಿ ಸಂಸ್ಥೆ ತುಂಬಿಕೊಡುತ್ತೆ. ಅದಕ್ಕೆ ದುಡ್ಡು ಎಲ್ಲಿಂದ ಅಂದ್ರೆ, ಮನೆಗಳಿಗೆ ಕರೆಂಟ್ ಕೊಡೋ ಸಪ್ಲೈ ಕಂಪನಿಗಳಿಂದ ವಸೂಲಿ ಮಾಡುತ್ತೆ, ಅವ್ರು ಅದನ್ನ ಬಿಲ್‌ಗೆ ಸೇರಿಸ್ತಾರೆ. ಮಾರ್ಕೆಟ್ ದರ 92.50 ದಾಟಿ 200ಕ್ಕೆ ಹೋಯ್ತು ಅನ್ಕೊಳ್ಳಿ, ಆಗ ಉಲ್ಟಾ, ಮೇಲಿನ 107.50ನ್ನ ಸ್ಥಾವರದವರೇ ವಾಪಸ್ ಕಟ್ಟಬೇಕು, ಅದು ಬಿಲ್ ಕಮ್ಮಿ ಮಾಡೋಕೆ ಹೋಗುತ್ತೆ. ಸ್ಥಾವರ ಕರೆಂಟ್ ಕೊಡೋವರೆಗೂ ಯಾರಿಗೂ ಒಂದು ಪೆನ್ನಿ ಇಲ್ಲ. ಕಟ್ಟೋ ಖರ್ಚು ಎಷ್ಟೇ ಏರಿದ್ರೂ ಈ ದರ ಏರಲ್ಲ, ಆ ನಷ್ಟ ಹೂಡಿಕೆದಾರರದ್ದೇ. ಖರ್ಚು ಅಂದಾಜಿಗಿಂತ ಕಮ್ಮಿ ಆದ್ರೆ ಮಾತ್ರ ಉಳಿದಿದ್ದರಲ್ಲಿ ಗ್ರಾಹಕರಿಗೂ ಪಾಲು.

ನಮ್ಮಲ್ಲಿ ಮನೆ ಕಟ್ಟಿಸೋರಿಗೆ ಇದು ಬೇಗ ಅರ್ಥ ಆಗುತ್ತೆ. ಚದರಕ್ಕೆ ಇಷ್ಟು ಅಂತ ಮೆಟೀರಿಯಲ್ ಸಮೇತ ಪೂರ್ತಿ ಕಾಂಟ್ರಾಕ್ಟ್ ಕೊಟ್ರೆ ಮೇಸ್ತ್ರಿ ರೇಟು ಜಾಸ್ತಿ ಹೇಳ್ತಾನೆ, ಯಾಕಂದ್ರೆ ಸಿಮೆಂಟ್ ಕಬ್ಬಿಣದ ಬೆಲೆ ಏರಿದ್ರೆ ಹೊಡೆತ ಅವನಿಗೆ. ಬರೀ ಕೂಲಿ ಕಾಂಟ್ರಾಕ್ಟ್ ಕೊಟ್ರೆ ರೇಟು ಕಮ್ಮಿ, ಆದ್ರೆ ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತೋ ಅದು ಮಾಲೀಕನ ತಲೆನೋವು. ಹಿಂಕ್ಲಿ ಮೊದಲನೇ ಥರದ್ದು.

ದರ ಇಷ್ಟು ಜಾಸ್ತಿ ಆಗೋಕೆ ಅಣು ತಂತ್ರಜ್ಞಾನ ಒಂದೇ ಕಾರಣ ಅನ್ಕೋಬೇಡಿ, ದೊಡ್ಡ ಪಾಲು ದುಡ್ಡಿನ ಬೆಲೆ. ಹತ್ತು ವರ್ಷ ದುಡ್ಡು ಸುರಿದು, ಒಂದು ಪೈಸೆ ಆದಾಯ ಇಲ್ದೆ ಕೂತು, ಕಟ್ಟಿ ಮುಗಿಯುತ್ತೋ ಇಲ್ವೋ ಅನ್ನೋ ರಿಸ್ಕನ್ನೂ ಹೊರೋ ಹೂಡಿಕೆದಾರ ವರ್ಷಕ್ಕೆ ಸುಮಾರು 9% ಲಾಭ ಎದುರು ನೋಡ್ತಾನೆ, ಹಿಂಕ್ಲಿಯಲ್ಲಿ ಲೆಕ್ಕ ಹಾಕಿದ್ದೂ ಅಷ್ಟೇ. ಮೊದಲ ದಿನ ಹಾಕಿದ 100 ಪೌಂಡ್ 9% ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ 237 ಆಗುತ್ತೆ, 3% ಬಡ್ಡಿಗೆ ಸಾಲ ತಂದಿದ್ರೆ 134. ಕಾಂಕ್ರೀಟು ಅದೇ, ಕಬ್ಬಿಣ ಅದೇ, ಇಂಜಿನಿಯರ್‌ಗಳೂ ಅವರೇ, ವ್ಯತ್ಯಾಸ ಬರೀ ದುಡ್ಡು ಯಾರದ್ದು ಅನ್ನೋದು. ಆ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರಕ್ಕೆ ತುಂಬಾ ಕಮ್ಮಿ ಬಡ್ಡಿಗೆ ಸಾಲ ಸಿಗ್ತಿತ್ತು. ಆ ಅಗ್ಗದ ಸಾಲ ಸರ್ಕಾರದ ಲೆಕ್ಕಪುಸ್ತಕದಲ್ಲಿ ಕಾಣಬಾರದು ಅನ್ನೋ ಒಂದೇ ಹಟಕ್ಕೆ ದುಬಾರಿ ದುಡ್ಡು ತಂದು ಮನೆಗಳ ಬಿಲ್‌ಗೆ ಕಟ್ಟಿದ್ರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೇಜಾರು ಮಾಡೋ ನಿರ್ಧಾರ ಇದೇ, ತೆರಿಗೆಯಲ್ಲಾದ್ರೆ ಉಳ್ಳವರು ಜಾಸ್ತಿ ಕಟ್ತಾರೆ, ಬಿಲ್‌ನಲ್ಲಿ ಬಡವರಿಗೂ ಯೂನಿಟ್ ಲೆಕ್ಕದಲ್ಲೇ ಬೀಳುತ್ತೆ. 2017ರಲ್ಲಿ ಬ್ರಿಟಿಷ್ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹೇಳಿದ್ದೂ ಇದನ್ನೇ, ಹೊಡೆತ ಜಾಸ್ತಿ ಬೀಳೋದು ಕಡುಬಡವರಿಗೆ ಅಂತ.

ಅದೇ ವರ್ಷ ಜೂನ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಈ ಒಪ್ಪಂದ ದುಬಾರಿ, ರಿಸ್ಕಿನದ್ದು ಅಂತ ನೇರವಾಗೇ ಬರೀತು. ಗ್ರಾಹಕರು ತುಂಬಿಕೊಡಬೇಕಾದ ಟಾಪ್‌ಅಪ್ ಮೊತ್ತದ ಅಂದಾಜು 2013ರಲ್ಲಿ 600 ಕೋಟಿ ಪೌಂಡ್ ಇದ್ದದ್ದು 2016ರ ಹೊತ್ತಿಗೆ 3,000 ಕೋಟಿ ಆಗಿತ್ತು, ಯಾಕಂದ್ರೆ ಮುಂದೆ ಕರೆಂಟ್ ಬೆಲೆ ಕಮ್ಮಿ ಇರುತ್ತೆ ಅಂತ ಲೆಕ್ಕಾಚಾರ ಬದಲಾಗಿತ್ತು. ಅದೇ 2017ರ ಸೆಪ್ಟೆಂಬರ್ ಹರಾಜಿನಲ್ಲಿ ಸಮುದ್ರದ ಗಾಳಿ ವಿದ್ಯುತ್ 57.50 ಪೌಂಡ್‌ಗೆ ಬಂತು, 2019ರಲ್ಲಿ 40ರ ಆಸುಪಾಸು, ಎಲ್ಲ 2012ರ ಬೆಲೆಯಲ್ಲೇ. ಗಾಳಿ ಇಲ್ದಾಗ ಗಾಳಿ ವಿದ್ಯುತ್ ಇಲ್ಲ ಅನ್ನೋದು ನಿಜ, ಅಷ್ಟಿದ್ರೂ ಅಂತರ ಸಣ್ಣದಲ್ಲ.

ಚೀನಾ ಬಂದಿದ್ದು, ಹೋಗಿದ್ದು

ಇಡಿಎಫ್ ಹತ್ರನೂ ಇಷ್ಟು ದುಡ್ಡು ಇರಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಚೀನಾಕ್ಕೆ ಹೋಗಿ ನಿಮ್ಮ ಕಂಪನಿಗಳು ಬರಬಹುದು ಅಂತ ಬಾಗಿಲು ತೆಗೆದ್ರು, 2015ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಲಂಡನ್‌ಗೆ ಬಂದಾಗ ಚೀನಾ ಸರ್ಕಾರಿ ಕಂಪನಿ ಸಿಜಿಎನ್ 600 ಕೋಟಿ ಪೌಂಡ್ ಹಾಕಿ 33.5% ಪಾಲು ತಗೊಳ್ಳೋದು ಅಂತ ಆಯ್ತು. ಚೀನಾದವರಿಗೆ ಹಿಂಕ್ಲಿಗಿಂತ ದೊಡ್ಡ ಆಸೆ ಎಸೆಕ್ಸ್‌ನ ಬ್ರಾಡ್‌ವೆಲ್ ಮೇಲಿತ್ತು, ಅಲ್ಲಿ ತಮ್ಮದೇ ಹುವಾಲಾಂಗ್ ರಿಯಾಕ್ಟರ್ ಕಟ್ಟಬಹುದು, ಒಂದು ಪಾಶ್ಚಾತ್ಯ ದೇಶದ ಅನುಮತಿಯ ಮುದ್ರೆ ಸಿಕ್ರೆ ಬೇರೆ ಕಡೆನೂ ಮಾರಬಹುದು ಅಂತ.

2016ರಲ್ಲಿ ಎಲ್ಲ ಅಲುಗಾಡ್ತು. ಈ ಯೋಜನೆ ಕಂಪನಿಯನ್ನೇ ಮುಳುಗಿಸಬಹುದು ಅನ್ನೋ ಆತಂಕದಲ್ಲಿ ಇಡಿಎಫ್‌ನ ಹಣಕಾಸು ಮುಖ್ಯಸ್ಥ ಥಾಮಸ್ ಪಿಕ್ಮಾಲ್ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ರು. ಜುಲೈ 28ಕ್ಕೆ ಇಡಿಎಫ್ ಬೋರ್ಡ್ 10-7 ಮತಗಳಿಂದ ಮುಂದುವರಿಯೋಣ ಅಂದ್ರೆ, ಅದೇ ದಿನ ಹೊಸ ಪ್ರಧಾನಿ ತೆರೇಸಾ ಮೇ ಸರ್ಕಾರ ಇರಿ ನೋಡ್ತೀವಿ ಅಂತ ತಡೆ ಹಾಕ್ತು. ಕರೆಂಟ್ ವ್ಯವಸ್ಥೆಯೊಳಗೆ ಚೀನಾ ಬರೋದು ಭದ್ರತೆಗೆ ಒಳ್ಳೇದಲ್ಲ ಅನ್ನೋ ಅಭಿಪ್ರಾಯ ಅವರ ಸುತ್ತ ಬಲವಾಗಿತ್ತು. ಸೆಪ್ಟೆಂಬರ್‌ನಲ್ಲಿ, ಸ್ಥಾವರ ಮುಗಿಯೋ ಮೊದಲು ಇಡಿಎಫ್ ತನ್ನ ಹಿಡಿತದ ಪಾಲು ಮಾರೋಕೆ ಹೊರಟ್ರೆ ಸರ್ಕಾರ ತಡೀಬಹುದು ಅನ್ನೋ ಷರತ್ತು ಸೇರಿಸಿ ಒಪ್ಪಿದ್ರು. ದರ ಮಾತ್ರ ಒಂದು ಪೆನ್ನಿ ಇಳಿಸಲಿಲ್ಲ. ಗಾಳಿ ವಿದ್ಯುತ್ ಅಗ್ಗ ಆಗ್ತಿದೆ ಅನ್ನೋದು ಆಗಲೇ ಕಾಣ್ತಿತ್ತು, ಇಡಿಎಫ್‌ನೊಳಗೇ ಒಡಕಿತ್ತು, ಮತ್ತೆ ಚೌಕಾಸಿಗೆ ಕೂರೋಕೆ ಅದಕ್ಕಿಂತ ಒಳ್ಳೆ ಸಮಯ ಸಿಗ್ತಿರಲಿಲ್ಲ, ಅದನ್ನ ಬಿಟ್ಟುಬಿಟ್ರು ಅನ್ನೋದು ನನ್ನ ಅಭಿಪ್ರಾಯ.

ಮುಂದೆ ಚೀನಾ ಜೊತೆ ಸಂಬಂಧ ಕೆಡ್ತಾ ಹೋಯ್ತು. 2019ರಲ್ಲಿ ಅಮೆರಿಕ ಸಿಜಿಎನ್ ಕಂಪನಿಯನ್ನ ನಿರ್ಬಂಧ ಪಟ್ಟಿಗೆ ಸೇರಿಸ್ತು, 2022ರಲ್ಲಿ ಬ್ರಿಟನ್ ಮುಂದಿನ ಸ್ಥಾವರ ಸೈಜ್‌ವೆಲ್ ಸಿಯಿಂದ ಸಿಜಿಎನ್‌ಗೆ ದುಡ್ಡು ಕೊಟ್ಟು ಹೊರಗೆ ಕಳಿಸ್ತು. ಹಿಂಕ್ಲಿಯಲ್ಲಿ ಪಾಲು ಉಳೀತು, ಆದ್ರೆ ಒಪ್ಪಿಕೊಂಡಷ್ಟು ದುಡ್ಡು ಹಾಕಿ ಮುಗಿದ ಮೇಲೆ 2023ರ ಕೊನೆಗೆ ಸಿಜಿಎನ್ ಇನ್ನು ಹೆಚ್ಚಿಗೆ ಕೊಡಲ್ಲ ಅಂತ ನಿಲ್ಲಿಸಿತು. ಉಳಿದ ಭಾರ ಇಡಿಎಫ್ ಮೇಲೆ.

ಭಾರ ಅಂದ್ರೆ ಎಷ್ಟು? 2016ರಲ್ಲಿ ಅಂದಾಜು 1,800 ಕೋಟಿ ಪೌಂಡ್. 2024ರ ಜನವರಿಯಲ್ಲಿ ಇಡಿಎಫ್ ಹೇಳಿದ್ದು 3,100ರಿಂದ 3,500 ಕೋಟಿ, ಅದೂ 2015ರ ಬೆಲೆಯಲ್ಲಿ, ಆವತ್ತಿನ ದುಡ್ಡಲ್ಲಿ 4,600 ಕೋಟಿವರೆಗೂ. ಮೊದಲ ರಿಯಾಕ್ಟರ್ ಕರೆಂಟ್ ಕೊಡೋದು 2029ರಿಂದ 2031ರೊಳಗೆ ಅಂತ. ಕೋವಿಡ್, ಬೆಲೆ ಏರಿಕೆ, ಕೆಲಸದವರ ಕೊರತೆ ಇದ್ದದ್ದೇ, ಅದರ ಮೇಲೆ ಬ್ರಿಟಿಷ್ ನಿಯಮಕ್ಕೆ ಹೊಂದಿಸೋಕೆ ಡಿಸೈನ್‌ನಲ್ಲಿ 7,000 ಬದಲಾವಣೆ, ಅದರಿಂದ 35% ಹೆಚ್ಚು ಉಕ್ಕು, 25% ಹೆಚ್ಚು ಕಾಂಕ್ರೀಟು ಅಂತ ಕಂಪನಿಯೇ ಲೆಕ್ಕ ಕೊಟ್ಟಿದೆ. ಇದೇ ಡಿಸೈನು ಫ್ರಾನ್ಸ್‌ನ ಫ್ಲಾಮನ್‌ವಿಲ್‌ನಲ್ಲಿ 2007ರಲ್ಲಿ ಶುರುವಾಗಿ ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ, ಫಿನ್ಲೆಂಡ್‌ನಲ್ಲಿ 2005ರಲ್ಲಿ ಶುರುವಾಗಿದ್ದು ಪೂರ್ಣ ಪ್ರಮಾಣದಲ್ಲಿ ಓಡಿದ್ದು 2023ರಲ್ಲಿ. ಹಿಂಕ್ಲಿ ತಡ ಆಗಬಹುದು ಅನ್ನೋ ಸೂಚನೆ ಸಹಿ ಹಾಕೋ ದಿನವೇ ಎದುರಿಗಿತ್ತು.

ಖರ್ಚು ಹೆಚ್ಚುಕಮ್ಮಿ ಎರಡು ಪಟ್ಟಾಯ್ತು, ಹಣದುಬ್ಬರ ಬಿಟ್ರೆ ಒಪ್ಪಂದದ ದರ ಮಾತ್ರ ಏರಿಲ್ಲ. ಇಡಿಎಫ್ ತನ್ನ ಲೆಕ್ಕದಲ್ಲಿ 1,290 ಕೋಟಿ ಯೂರೋ ನಷ್ಟ ಬರ್ಕೊಂಡಿತು. 2023ರ ಜೂನ್‌ನಿಂದ ಇಡಿಎಫ್ ಪೂರ್ತಿ ಫ್ರಾನ್ಸ್ ಸರ್ಕಾರದ್ದೇ, ಹಾಗಾಗಿ ಸೋಮರ್ಸೆಟ್‌ನಲ್ಲಿ ಏರಿದ ಖರ್ಚಿನ ಹೊಡೆತ ಕೊನೆಗೆ ಹೋಗಿ ನಿಂತಿದ್ದು ಫ್ರಾನ್ಸ್‌ನ ತೆರಿಗೆದಾರರ ಹತ್ರ. ವಿದೇಶಿ ಬಂಡವಾಳ ಬಂದ್ರೆ ನಮ್ಮ ಮನೆ ಲೂಟಿ ಅಂತ ಕಣ್ಣು ಮುಚ್ಚಿ ಹೇಳೋರು ಇದನ್ನ ಒಮ್ಮೆ ನೋಡಬೇಕು, ಇಲ್ಲಿ ರಿಸ್ಕು ಒಪ್ಪಂದದಲ್ಲಿ ಬರೆದ ಹಾಗೇ ಹೊರಗಿನವರ ಮೇಲೆ ಬಿತ್ತು.

ಹಾಗಾದ್ರೆ ಬಿಲ್ ಏರಿಸಿದ್ದು ಯಾರು

ಬ್ರಿಟನ್ನಿನಲ್ಲಿ ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆ ಮನೆಗಳ ಗ್ಯಾಸ್, ಕರೆಂಟ್ ದರಕ್ಕೆ ಮಿತಿ ಹಾಕುತ್ತೆ. ಸಾಧಾರಣ ಮನೆಗೆ ಎರಡೂ ಸೇರಿ ವರ್ಷದ ಲೆಕ್ಕದಲ್ಲಿ 2021ರ ಅಕ್ಟೋಬರ್‌ನಲ್ಲಿ ಆ ಮಿತಿ 1,277 ಪೌಂಡ್ ಇತ್ತು. 2022ರ ಏಪ್ರಿಲ್‌ಗೆ 1,971. ಅಕ್ಟೋಬರ್‌ಗೆ 3,549 ಅಂತ ಘೋಷಣೆ ಆಯ್ತು, ಜನ ಕಂಗಾಲಾದ್ರು, ಸರ್ಕಾರ ಮಧ್ಯೆ ಬಂದು 2,500ಕ್ಕೆ ತಡೆದು ಉಳಿದಿದ್ದನ್ನ ಖಜಾನೆಯಿಂದ ತುಂಬಿತು, ಮೇಲೆ ಮನೆಗೆ 400 ಪೌಂಡ್ ರಿಯಾಯಿತಿ ಕೊಟ್ಟಿತು. ಕಾರಣ ಗ್ಯಾಸ್. 2021ರಿಂದಲೇ ಏರ್ತಿದ್ದ ಗ್ಯಾಸ್ ಬೆಲೆ ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಹುಚ್ಚೆದ್ದು ಹೋಯ್ತು, ಬ್ರಿಟನ್ನಿನಲ್ಲಿ ಮನೆ ಬಿಸಿ ಮಾಡೋದೂ ಗ್ಯಾಸ್‌ನಲ್ಲೇ, ಕರೆಂಟ್ ಮಾರ್ಕೆಟ್‌ನಲ್ಲಿ ಬಹುತೇಕ ಹೊತ್ತು ದರ ನಿರ್ಧಾರ ಮಾಡೋದೂ ಗ್ಯಾಸ್ ಸ್ಥಾವರಗಳೇ. ಅದೂ ಆಮದು ಗ್ಯಾಸ್ ಜಾಗತಿಕ ಬೆಲೆಗೆ ಸಿಕ್ಕಾಕೊಂಡಿದ್ದು.

ಇದರ ಪಕ್ಕದಲ್ಲಿ, ಸ್ಥಾವರ ಹೊತ್ತಿಗೆ ಸರಿಯಾಗಿ ಶುರುವಾಗುತ್ತೆ ಅಂತ ಹಿಡಿದು ಹಿಂದೆ ಹಾಕಿದ್ದ ಹಿಂಕ್ಲಿ ಅಂದಾಜು ಇಡಿ: 2030ರವರೆಗೆ ಸಾಧಾರಣ ಮನೆಗೆ ವರ್ಷಕ್ಕೆ 10ರಿಂದ 15 ಪೌಂಡ್. ಒಂದು ಕಡೆ ಒಂದೇ ವರ್ಷದಲ್ಲಿ ದರದ ಮಿತಿಯಲ್ಲಿ ಎರಡು ಸಾವಿರ ಪೌಂಡ್‌ಗಿಂತ ಜಾಸ್ತಿ ಜಿಗಿತ, ಇನ್ನೊಂದು ಕಡೆ ಇದು. ಜನರ ಸಿಟ್ಟು ಎರಡನ್ನೂ ಒಂದೇ ಬುಟ್ಟಿಗೆ ಹಾಕ್ತು.

ಹಿಂಕ್ಲಿಯಿಂದ ನಿಜವಾಗಿ ನಷ್ಟ ಆಗಿದ್ದು ಅದು ಹೊತ್ತಿಗೆ ಸರಿಯಾಗಿ ಬರದೇ ಇದ್ದಿದ್ದರಿಂದ, ಮತ್ತೆ ಆ ನಷ್ಟ ಯಾವ ಬಿಲ್‌ನಲ್ಲೂ ಪ್ರತ್ಯೇಕ ಸಾಲಾಗಿ ಕಾಣಲ್ಲ. 2022ರಲ್ಲಿ ಒಪ್ಪಂದದ ದರ ಹಣದುಬ್ಬರ ಸೇರಿ 100 ಪೌಂಡ್ ದಾಟಿತ್ತು, ಮಾರ್ಕೆಟ್ ದರ ಎಷ್ಟೋ ದಿನ 200ರ ಮೇಲಿತ್ತು. ಎರಡು ರಿಯಾಕ್ಟರ್ ಚೆನ್ನಾಗಿ ಓಡಿದ್ರೆ ವರ್ಷಕ್ಕೆ ಸುಮಾರು 2.5 ಕೋಟಿ ಮೆಗಾವ್ಯಾಟ್ ಅವರ್ ಬರುತ್ತೆ, ಅಂತರ 100 ಪೌಂಡ್ ಅಂತ ಹಿಡಿದ್ರೂ 250 ಕೋಟಿ ಪೌಂಡ್ ಬಿಲ್ ಕಟ್ಟೋರ ಕಡೆಗೆ ವಾಪಸ್ ಬರ್ತಿತ್ತು. ಇದೇ ಥರದ ಒಪ್ಪಂದ ಇದ್ದ ಗಾಳಿ ಸ್ಥಾವರಗಳು ಆ ಚಳಿಗಾಲದಲ್ಲಿ ಹಾಗೆ ದುಡ್ಡು ವಾಪಸ್ ಕಟ್ಟಿದ್ವು ಕೂಡ. ದುಬಾರಿ ಅಂತ ಎಲ್ರೂ ಬೈದ ದರವೇ ಆ ವರ್ಷ ಅಗ್ಗದ್ದಾಗಿತ್ತು, ಕೊಡೋಕೆ ಸ್ಥಾವರ ಇರಲಿಲ್ಲ. ತಡ ಮಾಡಿದ್ದಕ್ಕೆ ಮನೆಯವರಿಗೆ ಪರಿಹಾರ ಕೊಡೋ ಕಲಮು ಒಪ್ಪಂದದಲ್ಲಿ ಇಲ್ಲ, ಬದಲಿಗೆ ಸ್ಥಾವರ ಶುರುವಾಗದಿದ್ರೆ ಒಪ್ಪಂದ ರದ್ದು ಮಾಡಬಹುದಾದ ಕೊನೆ ಗಡುವನ್ನೇ 2033ರಿಂದ 2036ಕ್ಕೆ ತಳ್ಳಿದ್ರು. ಚೌಕಾಸಿಯಲ್ಲಿ 92.50 ಬಗ್ಗೆ ಕಿತ್ತಾಡಿದ ಅರ್ಧದಷ್ಟಾದ್ರೂ ಈ ಕಲಮಿನ ಬಗ್ಗೆ ಕಿತ್ತಾಡಬೇಕಿತ್ತು.

ಹಿಂಕ್ಲಿ ಆದ್ಮೇಲೆ

ಹಿಂಕ್ಲಿ ಥರ ಎಲ್ಲ ರಿಸ್ಕು ಹೊತ್ತು ಕಟ್ಟೋಕೆ ಆಮೇಲೆ ಯಾರೂ ಬರಲಿಲ್ಲ. ಕಂಬ್ರಿಯಾದ ಮೂರ್‌ಸೈಡ್‌ನಿಂದ ತೋಷಿಬಾ 2018ರಲ್ಲಿ ಹೊರಟಿತು. ವೇಲ್ಸ್‌ನ ವಿಲ್ವಾ ಯೋಜನೆಗೆ ಸರ್ಕಾರ ತಾನೇ ಮೂರನೇ ಒಂದು ಪಾಲು ಹಾಕ್ತೀನಿ ಅಂದ್ರೂ ಹಿಟಾಚಿ 2019ರಲ್ಲಿ ಕೆಲಸ ನಿಲ್ಲಿಸಿ 2020ರಲ್ಲಿ ಪೂರ್ತಿ ಬಿಟ್ಟಿತು. ಅದಕ್ಕೇ 2022ರಲ್ಲಿ ಹೊಸ ಕಾನೂನು ತಂದ್ರು, ಸ್ಥಾವರ ಕಟ್ಟೋವಾಗಲೇ ಮನೆಗಳ ಬಿಲ್‌ನಿಂದ ದುಡ್ಡು ಎತ್ತೋದು. ಸಫೊಕ್‌ನ ಸೈಜ್‌ವೆಲ್ ಸಿಗೆ 2025ರ ಜುಲೈನಲ್ಲಿ ಇದೇ ಪದ್ಧತಿಯಲ್ಲಿ ಕೊನೆಯ ಒಪ್ಪಿಗೆ ಸಿಕ್ತು, ಅಂದಾಜು 3,800 ಕೋಟಿ ಪೌಂಡ್. ಈ ಸಲ ದೊಡ್ಡ ಪಾಲುದಾರ ಬ್ರಿಟಿಷ್ ಸರ್ಕಾರವೇ, 44.9%. ಕೆನಡಾದ ಲಾ ಕೇಸ್ ಪಿಂಚಣಿ ನಿಧಿ 20%, ಹಿಂದೆ ಬಿಟ್ಟುಹೋಗಿದ್ದ ಸೆಂಟ್ರಿಕಾ 15%, ಇಡಿಎಫ್ ಬರೀ 12.5%. ಕಟ್ಟೋ ಕಾಲದುದ್ದಕ್ಕೂ ಸಾಧಾರಣ ಮನೆಗೆ ತಿಂಗಳಿಗೆ ಸರಾಸರಿ 1 ಪೌಂಡ್ ಅಂತ ಸರ್ಕಾರದ ಲೆಕ್ಕ. ಹೂಡಿಕೆದಾರರಿಗೆ ಕಾಯೋ ಗೋಳಿಲ್ಲ, ಹಾಗಾಗಿ ದುಡ್ಡು ಅಗ್ಗಕ್ಕೆ ಸಿಗುತ್ತೆ, ಅದು ಒಪ್ಪತಕ್ಕ ಮಾತೇ. ಆದ್ರೆ ಖರ್ಚು ಏರಿದ್ರೆ ಅದರಲ್ಲಿ ಒಂದು ಪಾಲು ಮನೆಯವರದ್ದೂ ಆಗುತ್ತೆ, ಸ್ಥಾವರ ಓಡೋ ಹೊತ್ತಿಗೆ ಬದುಕಿರದ ವಯಸ್ಸಾದವರೂ ಇವತ್ತು ಆ ಪೌಂಡ್ ಕಟ್ತಾರೆ. ಹಿಂಕ್ಲಿ ಖರ್ಚು ಏರಿದ ಹಾಗೆ ಇದೂ ಏರಿದ್ರೆ ಆ 1 ಪೌಂಡ್ ಅಲ್ಲೇ ಇರುತ್ತಾ ಅನ್ನೋದು ಸಫೊಕ್‌ನ ಕೆಲಸ ಹೇಗೆ ನಡೆಯುತ್ತೆ ಅನ್ನೋದರ ಮೇಲಿದೆ.

ನಮ್ಮ ಕಡೆ ಬಂದ್ರೆ, ಕೈಗಾದಲ್ಲಿ ಓಡ್ತಿರೋ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳೂ ಭಾರತೀಯ ಅಣುಶಕ್ತಿ ನಿಗಮ ಕಟ್ಟಿ ನಡೆಸ್ತಿರೋದು, ಅಲ್ಲೇ ಬರಲಿರೋ 700 ಮೆಗಾವ್ಯಾಟ್‌ನ ಐದು, ಆರನೇ ಘಟಕಗಳೂ ನಮ್ಮದೇ ಡಿಸೈನು. ಜೈತಾಪುರದ ಮಾತು ಬೇರೆ, ಆರು ಇಪಿಆರ್, 9,900 ಮೆಗಾವ್ಯಾಟ್, ಇಡಿಎಫ್ 2021ರ ಏಪ್ರಿಲ್‌ನಲ್ಲಿ ತಾಂತ್ರಿಕ ಮತ್ತು ವಾಣಿಜ್ಯ ಪ್ರಸ್ತಾಪ ಕೊಟ್ಟಿದೆ. ಅಲ್ಲಿ ಮಾಲೀಕತ್ವ ನಿಗಮದ್ದೇ, ಇಡಿಎಫ್ ಕೊಡೋದು ಉಪಕರಣ ಮತ್ತು ತಂತ್ರಜ್ಞಾನ. ಅಂದ್ರೆ ಹಿಂಕ್ಲಿಯಲ್ಲಿ ಏರಿದ ಖರ್ಚು ಫ್ರಾನ್ಸ್‌ಗೆ ಹೋದ ಹಾಗೆ ಇಲ್ಲಿ ತಾನಾಗೇ ಹೋಗಲ್ಲ, ಒಪ್ಪಂದದಲ್ಲಿ ಬರೆಸಿದ್ರೆ ಮಾತ್ರ ಉಂಟು, ಇಲ್ಲಾಂದ್ರೆ ನಿಗಮದ ಸಾಲ, ಅಲ್ಲಿಂದ ಯೂನಿಟ್ ದರ, ಅಲ್ಲಿಂದ ಕರೆಂಟ್ ಕೊಳ್ಳೋ ರಾಜ್ಯಗಳ ಬಿಲ್. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ (SHANTI) ಅನ್ನೋ ಹೆಸರಿನ ಅಣುಶಕ್ತಿ ಮಸೂದೆ ಪಾಸ್ ಮಾಡಿ ಅಣು ವಿದ್ಯುತ್ತನ್ನ ಖಾಸಗಿಯವರಿಗೂ ತೆರೆದಿದೆ, 2047ಕ್ಕೆ 100 ಗಿಗಾವ್ಯಾಟ್ ಅನ್ನೋ ಗುರಿ ಇದೆ, ಅಷ್ಟಕ್ಕೆ ಬೇಕಾಗೋ ದುಡ್ಡು ನಿಗಮ ಒಂದರಿಂದ ಆಗೋದಲ್ಲ, ಹೊರಗಿನಿಂದ ಬರಲೇಬೇಕು. ಬರಲಿ. ಜೈತಾಪುರದ ಸಹಿ ಆಗೋ ದಿನ ಪೇಪರ್‌ನಲ್ಲಿ ಯೂನಿಟ್ ದರ ದೊಡ್ಡ ಅಕ್ಷರದಲ್ಲಿ ಬರುತ್ತೆ, ಐದು ವರ್ಷ ತಡ ಆದ್ರೆ ಆ ಬಡ್ಡಿ ಯಾರ ಖಾತೆಗೆ ಅನ್ನೋ ಪುಟವನ್ನೂ ಅವತ್ತೇ ಜನರ ಮುಂದೆ ಇಡಬೇಕು ಅಂತ ಕರೆಂಟ್ ಕೊಳ್ಳೋ ಎಸ್ಕಾಂಗಳೂ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಗಳೂ ಈಗಿಂದಲೇ ಪಟ್ಟು ಹಿಡೀಬೇಕು.